ತಿನ್ನುವಾಗ ಹಲ್ಲು, ದವಡೆ ನೋವು: ಕಚ್ಚಿದಾಗಲೋ, ಬಿಟ್ಟಾಗಲೋ, ಜಗಿದ ಮೇಲೋ? (ಹಲವರು ಸೇರಿ ಬರೆದ ಚರ್ಚೆ; ಪ್ರತಿ ಭಾಗದ ಮೇಲಿರೋದು ಬರೆದವರ ಅಡ್ಡಹೆಸರು)

ದವಡೆಕೀಲು:
"ತಿನ್ನುವಾಗ ನೋಯುತ್ತೆ" ಅನ್ನೋ ಎರಡು ಮಾತಿನ ಹಿಂದೆ ಹತ್ತು ಬೇರೆ ಬೇರೆ ಕಾರಣ ಇರಬಹುದು. ಎಲ್ಲಿ ನೋವು ಅನ್ನೋದಕ್ಕಿಂತ ಯಾವ ಗಳಿಗೆಗೆ ನೋವು ಅನ್ನೋದೇ ಜಾಸ್ತಿ ಸುಳಿವು ಕೊಡುತ್ತೆ. ಹಲ್ಲಿಗೆ ಹಲ್ಲು ಒತ್ತಿದಾಗಲೋ, ಒತ್ತಿ ಬಿಟ್ಟಾಗಲೋ, ತಣ್ಣಗಿನದು ಸೋಕಿದಾಗಲೋ, ನಾಲ್ಕೈದು ನಿಮಿಷ ಜಗಿದ ಮೇಲೋ, ಇಲ್ಲಾ ತುತ್ತು ಬಾಯಿಗಿಡುವ ಮೊದಲೇ ದವಡೆ ಕೆಳಗೆ ಬಿಗಿಯೋಕೆ ಶುರುವಾಗುತ್ತೋ?

ಜಾಗವನ್ನು ಪೂರ್ತಿ ನಂಬಬಾರದು ಅನ್ನೋಕೆ ಕಾರಣ ಇದೆ. ಹಲ್ಲಿನೊಳಗಿನ ಪಲ್ಪ್, ಅಂದ್ರೆ ನರ ಮತ್ತು ರಕ್ತನಾಳ ತುಂಬಿದ ತಿರುಳು, ನೋವು ಅಂತ ಹೇಳುತ್ತೆ, ಯಾವ ಹಲ್ಲು ಅಂತ ಹೇಳಲ್ಲ. ಕೆಳಗಿನ ದವಡೆಹಲ್ಲು ಕೆಟ್ಟಿದ್ದರೂ ಮೇಲಿನದು ನೋಯ್ತಿದೆ ಅನ್ನಿಸೋದು ಮಾಮೂಲು. ಆದರೆ ಬಲಗಡೆ ಹಲ್ಲಿನ ನೋವು ಮಧ್ಯರೇಖೆ ದಾಟಿ ಎಡಕ್ಕೆ ಹೋಗಲ್ಲ. ಬೇರಿನ ಸುತ್ತ ಹಲ್ಲನ್ನು ಮೂಳೆಗೆ ಕಟ್ಟಿ ಹಿಡಿಯುವ ತಂತುಪೊರೆ ಮಾತ್ರ ಜಾಗ ಗುರುತಿಸುತ್ತೆ. ಇದರ ದಪ್ಪ ಸುಮಾರು 0.2 ಮಿಲಿಮೀಟರ್. ಹಲ್ಲುಗಳ ನಡುವೆ ಸಿಕ್ಕ ಮರಳಿನ ಸಣ್ಣ ಕಣವೂ ಗೊತ್ತಾಗೋದು ಇದರಿಂದಲೇ. ಉರಿ ಬೇರಿನ ತುದಿ ದಾಟಿ ಈ ಪೊರೆಗೆ ಇಳಿದ ಮೇಲೆಯೇ "ಇದೇ ಹಲ್ಲು" ಅಂತ ಬೆರಳಿಟ್ಟು ತೋರಿಸೋಕೆ ಆಗೋದು.

ನೀರ್ಚುಳುಕು:
ತಣ್ಣಗಿನದರಿಂದ ಶುರು ಮಾಡ್ತೀನಿ, ಅತಿ ಹೆಚ್ಚು ಗೊಂದಲ ಇರೋದು ಅಲ್ಲೇ.

ಎನಾಮೆಲ್, ಅಂದ್ರೆ ಹಲ್ಲಿನ ಗಟ್ಟಿ ಹೊರಪದರ, ಸವೆದು ಅಥವಾ ಒಸಡು ಇಳಿದು ಒಳಪದರವಾದ ಡೆಂಟಿನ್ ಬಯಲಾದರೆ ಅದರಲ್ಲಿರುವ ಕೊಳವೆಗಳ ಬಾಯಿ ತೆರೆದುಕೊಳ್ಳುತ್ತೆ. ಒಂದು ಚದರ ಮಿಲಿಮೀಟರಿಗೆ ಹತ್ತಾರು ಸಾವಿರ ಕೊಳವೆ, ಒಳಗೆಲ್ಲ ದ್ರವ. ತಣ್ಣೀರು, ಗಾಳಿ, ಸಿಹಿ, ಹುಳಿ ತಾಗಿದರೆ ಆ ದ್ರವ ಚಲಿಸುತ್ತೆ, ಪಲ್ಪಿನ ಅಂಚಿನ ನರ ಚುಳ್ ಅನ್ನುತ್ತೆ. 1960ರ ದಶಕದಲ್ಲಿ ಸ್ವೀಡನ್ನಿನ ದಂತವಿಜ್ಞಾನಿ ಬ್ರಾನ್‌ಸ್ಟ್ರಾಮ್ ಮಾಡಿದ ಪ್ರಯೋಗಗಳಿಂದ ಈ ವಿವರಣೆ ಗಟ್ಟಿಯಾಯ್ತು, ಈಗಲೂ ಇದನ್ನೇ ಒಪ್ಪಿದ್ದಾರೆ.

ಇಲ್ಲಿ ನೋಡಬೇಕಾದ್ದು ಒಂದೇ: ತಣ್ಣಗಿನದು ಹೋದ ಮೇಲೆ ನೋವು ಎಷ್ಟು ಹೊತ್ತು ನಿಲ್ಲುತ್ತೆ? ಒಂದೆರಡು ಸೆಕೆಂಡಿನಲ್ಲಿ ಮಾಯವಾದರೆ ಪಲ್ಪ್ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆ. ಅರ್ಧ ನಿಮಿಷ ದಾಟಿ ಕೊರೆಯುತ್ತಾ ಇದ್ದರೆ, ಏನೂ ತಾಗದೆ ತಾನಾಗೇ ಬಂದರೆ, ರಾತ್ರಿ ಮಲಗಿದಾಗ ಎಬ್ಬಿಸಿದರೆ ಪಲ್ಪ್ ವಾಪಸು ಬರಲಾರದ ಹಂತ ಮುಟ್ಟಿರುವ ಸಾಧ್ಯತೆ ಹೆಚ್ಚು. ಅದರ ಕೊನೇ ಹಂತದಲ್ಲಿ ಲೆಕ್ಕ ತಿರುಗುಮುರುಗು. ಬಿಸಿ ತಾಗಿದರೆ ಜೀವ ಹೋದಂತೆ ನೋವು, ತಣ್ಣೀರು ಮುಕ್ಕಳಿಸಿದರೆ ಆರಾಮ. ತಣ್ಣೀರಿನ ಬಾಟಲಿ ಹಿಡಿದುಕೊಂಡೇ ಯಾರಾದರೂ ಕ್ಲಿನಿಕ್ಕಿಗೆ ಬಂದರೆ ದಂತವೈದ್ಯರಿಗೆ ಅರ್ಧ ರೋಗನಿರ್ಣಯ ಬಾಗಿಲಲ್ಲೇ ಆಗಿರುತ್ತೆ.

ಒಂದೆರಡು ಸೆಕೆಂಡಿನ ಚುಳುಕಿಗೆ 5% ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್, ದಿನಕ್ಕೆ ಎರಡು ಸಲ, ಮೃದು ಬ್ರಷ್. ಉಜ್ಜಿದ ಮೇಲೆ ಉಗುಳಿ, ಆದರೆ ನೀರಿನಿಂದ ಬಾಯಿ ಮುಕ್ಕಳಿಸಬೇಡಿ. ಫಲ ಕಾಣೋಕೆ 2ರಿಂದ 4 ವಾರ ಬೇಕು. ನಾಲ್ಕು ದಿನ ಹಾಕಿ "ಏನೂ ಆಗಲಿಲ್ಲ" ಅಂತ ಬಿಟ್ಟವರೇ ಜಾಸ್ತಿ.

ಹುಳುಕುಬೇಟೆ:
ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸಿಕೊಳ್ಳಿ. ವಾರಗಟ್ಟಲೆ ಕಾಡಿದ ಹಲ್ಲು ಒಂದು ದಿನ ಇದ್ದಕ್ಕಿದ್ದಂತೆ ಸುಮ್ಮನಾದರೆ ವಾಸಿಯಾಯ್ತು ಅಂತಲ್ಲ. ಪಲ್ಪ್ ಸತ್ತಿರಬಹುದು. ಆಮೇಲೆ ಬಿಸಿ ತಣ್ಣಗೆ ಏನೂ ತಾಗಲ್ಲ. ಕೆಲವು ವಾರಕ್ಕೋ ತಿಂಗಳಿಗೋ ಅದೇ ಹಲ್ಲಿನಲ್ಲಿ ಕಚ್ಚಿದರೆ ನೋವು, ಹಲ್ಲು ಸ್ವಲ್ಪ ಮೇಲೆದ್ದ ಹಾಗೆ, ಬೇರೆಯವುಗಳಿಗಿಂತ ಮೊದಲು ತಾಗಿದ ಹಾಗೆ ಅನ್ನಿಸುತ್ತೆ. ಒಳಗಿನ ಸೋಂಕು ಬೇರಿನ ತುದಿಗೆ ಬಂದು ತಂತುಪೊರೆ ಊದಿಕೊಂಡಿದ್ದಕ್ಕೆ ಹಾಗಾಗೋದು. ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು ಒಡೆದು ಮತ್ತೆ ಏಳುತ್ತಿದ್ದರೆ ಅದು ಕೀವಿನ ದಾರಿ. ನೋವಿಲ್ಲ ಅಂತ ಬಿಡೋ ಹಾಗಿಲ್ಲ.

ಅಂಚುಕಾಗದ:
ಹೊಸ ಫಿಲ್ಲಿಂಗ್ ಅಥವಾ ಕ್ಯಾಪ್ ಹಾಕಿಸಿದ ಮೇಲೆ ಶುರುವಾದ ಕಚ್ಚುನೋವಿಗೆ ಅತಿ ಸಾಮಾನ್ಯ ಕಾರಣ: ಅದು ಕೂದಲೆಳೆಯಷ್ಟು ಎತ್ತರ ಆಗಿರೋದು. ಮರಗಟ್ಟಿಸಿದ ಬಾಯಲ್ಲಿ ಸರಿಯಾಗಿ ಕಚ್ಚಿದ್ದು ಯಾವುದು, ವಾರೆಯಾಗಿ ಕಚ್ಚಿದ್ದು ಯಾವುದು ಅಂತ ಗೊತ್ತಾಗಲ್ಲ. ಮರಗು ಇಳಿದು ಮೊದಲ ಸಲ ಜಗಿದಾಗ ಗೊತ್ತಾಗುತ್ತೆ.

ಸರಿಪಡಿಸೋದು ಹತ್ತು ನಿಮಿಷದ ಕೆಲಸ. ಹಲ್ಲು ಒಣಗಿಸಿ, ಸುಮಾರು 40 ಮೈಕ್ರಾನ್ ದಪ್ಪದ ಬಣ್ಣದ ಕಾಗದ ನಡುವೆ ಇಟ್ಟು ಟಕ್ ಟಕ್ ಅಂತ ಕಚ್ಚಿಸುತ್ತಾರೆ. ಗುರುತು ಓದೋದು ಒಂದು ಕಲೆ. ಗುರುತಿನ ದೊಡ್ಡತನ ನೋಡಿ ಮೋಸ ಹೋಗಬಾರದು. ಭಾರ ಬೀಳುವ ಜಾಗದಲ್ಲಿ ಒತ್ತಡಕ್ಕೆ ಬಣ್ಣ ಪಕ್ಕಕ್ಕೆ ಸರಿದು, ನಡುವೆ ಬರಿದಾಗಿ ಸುತ್ತ ಉಂಗುರ ಮಾತ್ರ ಉಳಿಯುತ್ತೆ. ಆ ಉಂಗುರ ಬಿದ್ದ ಜಾಗ ತೆಗೆಯಬೇಕು. ಆಮೇಲೆ ಬೇರೆ ಬಣ್ಣದ ಕಾಗದ ಇಟ್ಟು ದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಉಜ್ಜಿಸಬೇಕು. ಈ ಎರಡನೇ ಹಂತ ಬಿಟ್ಟುಬಿಡೋದರಿಂದಲೇ "ಕಚ್ಚಿದರೆ ಸರಿ ಇದೆ, ಜಗಿದರೆ ನೋವು" ಅನ್ನೋ ದೂರು ಉಳಿಯೋದು. ಕುರ್ಚಿಯಲ್ಲಿ ಒರಗಿಸಿಕೊಂಡು ಮಾತ್ರ ನೋಡಿದರೆ ಸಾಲದು, ನೆಟ್ಟಗೆ ಕೂರಿಸಿಯೂ ನೋಡಬೇಕು. ಮಲಗಿದಾಗ ಕೆಳದವಡೆ ಸ್ವಲ್ಪ ಹಿಂದಕ್ಕೆ ಜಾರಿರುತ್ತೆ.

ಎತ್ತರ ತೆಗೆದ ತಕ್ಷಣ ನೋವು ನಿಲ್ಲಲೇಬೇಕು ಅಂತಿಲ್ಲ. ವಾರಗಟ್ಟಲೆ ಪೆಟ್ಟು ತಿಂದ ಪೊರೆ ತಣ್ಣಗಾಗೋಕೆ ಕೆಲವು ದಿನದಿಂದ ಎರಡು ವಾರ ಹಿಡಿಯುತ್ತೆ.

ಎತ್ತರವೂ ಇಲ್ಲ, ಆದರೂ ಫಿಲ್ಲಿಂಗ್ ಮೇಲೆ ಒತ್ತಿದರೆ ಚುಳ್ ಅನ್ನುತ್ತೆ ಅಂದ್ರೆ ಅಡಿಯಲ್ಲಿ ಸಂದು ಬಿಟ್ಟಿರಬಹುದು. ಹಲ್ಲಿನ ಬಣ್ಣದ ಫಿಲ್ಲಿಂಗ್ ಬೆಳಕಿಗೆ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡಾ ಎರಡು ಮೂರು ಕುಗ್ಗುತ್ತೆ. ತೆಳು ಪದರಗಳಾಗಿ ಹಾಕದೆ ಒಂದೇ ಸಲ ತುಂಬಿದರೆ ತಳ ಬಿಟ್ಟುಕೊಳ್ಳುವ ಅಪಾಯ ಜಾಸ್ತಿ. ಒತ್ತಿದಾಗಲೆಲ್ಲ ಆ ಸಂದಿನ ದ್ರವ ಪಂಪಿನ ಹಾಗೆ ಕೊಳವೆಗಳೊಳಗೆ ನುಗ್ಗುತ್ತೆ. ಉಜ್ಜಿ ತಗ್ಗಿಸಿದರೆ ಇದು ಹೋಗಲ್ಲ, ತೆಗೆದು ಹೊಸದಾಗಿ ಹಾಕಬೇಕು.

ಬಿರುಕುಗಣ್ಣು:
ಒತ್ತಿದಾಗ ಅಲ್ಲ, ಒತ್ತಿ ಬಿಟ್ಟಾಗ ಚಳಕ್ ಅಂದ್ರೆ ನನ್ನ ಮೊದಲ ಅನುಮಾನ ಬಿರುಕಿನ ಮೇಲೆ. ಒತ್ತುವಾಗ ಬಿರುಕಿನ ಎರಡು ಬದಿ ಅಗಲುತ್ತೆ, ಬಿಟ್ಟ ಕ್ಷಣ ಮತ್ತೆ ಕೂಡಿಕೊಳ್ಳುತ್ತೆ, ಒಳಗಿನ ದ್ರವ ರಪ್ ಅಂತ ಸರಿಯುತ್ತೆ. "ಕ್ರ್ಯಾಕ್ಡ್ ಟೂತ್ ಸಿಂಡ್ರೋಮ್" ಅನ್ನೋ ಹೆಸರು ಕೊಟ್ಟಿದ್ದು 1964ರಲ್ಲಿ ದಂತವೈದ್ಯ ಕ್ಯಾಮರಾನ್. ಕೆಳಗಿನ ದವಡೆಹಲ್ಲುಗಳಲ್ಲಿ, ಅದರಲ್ಲೂ ದೊಡ್ಡ ಫಿಲ್ಲಿಂಗ್ ಇರುವವುಗಳಲ್ಲಿ ಹೆಚ್ಚು.

ಈ ನೋವಿನ ಲಕ್ಷಣವೇ ಅದರ ಅನಿಶ್ಚಿತತೆ. ಹತ್ತು ಸಲ ಕಚ್ಚಿದರೆ ಒಂಬತ್ತು ಸಲ ಏನೂ ಇಲ್ಲ, ಹತ್ತನೆಯದಕ್ಕೆ ಕಾಳೊಂದು ಸರಿಯಾಗಿ ಬಿರುಕಿರುವ ಉಬ್ಬಿನ (ಹಲ್ಲಿನ ಜಗಿಯುವ ಮೇಲ್ಮೈಯ ಏರು) ಮೇಲೆ ಕೂತರೆ ಕಣ್ಣಲ್ಲಿ ನೀರು. ಪರೀಕ್ಷೆಗೆ ಚಿಕ್ಕ ಪ್ಲಾಸ್ಟಿಕ್ ಕಡ್ಡಿ ಇದೆ, ಅದರ ತುದಿಯಲ್ಲಿ ಸಣ್ಣ ಗುಳಿ. ಗುಳಿಯನ್ನು ಹಲ್ಲಿನ ಒಂದೊಂದೇ ಉಬ್ಬಿಗೆ ಕೂರಿಸಿ ಕಚ್ಚಿಸಿ, ಥಟ್ಟನೆ ಬಿಡಿಸುತ್ತಾರೆ. ಯಾವ ಉಬ್ಬಿನಲ್ಲಿ ಬಿಟ್ಟಾಗ ನೋವು ಬಂತೋ ಬಿರುಕು ಅದರ ಬುಡದಲ್ಲಿ. ಮನೆಯಲ್ಲಿ ಪೆನ್ನು ಗಿನ್ನು ಕಚ್ಚಿ ಇದನ್ನು ಪ್ರಯತ್ನಿಸಬೇಡಿ, ಅರ್ಧ ಬಿರುಕು ಪೂರ್ತಿ ಸೀಳಾಗುತ್ತೆ.

ಗರಗಸ:
> ಎಕ್ಸ್‌ರೇ ತೆಗೆಸಿದರೂ ಏನೂ ಇಲ್ಲ ಅಂತಾರಲ್ಲ, ಅಂಥವರಿಗೆ?

ಈ ಪ್ರಶ್ನೆ ಬಂದೇ ಬರುತ್ತೆ ಅಂತ ನಾನೇ ಹಾಕಿದ್ದೀನಿ. ದವಡೆಹಲ್ಲಿನ ಬಿರುಕು ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ ಓಡುತ್ತೆ, ಅಂದ್ರೆ ಫಿಲ್ಮಿಗೆ ಸಮಾನಾಂತರವಾಗಿ. ಪುಸ್ತಕದ ನಡುವಿನ ಒಂದು ಹಾಳೆಯನ್ನು ಮುಖಪುಟದ ಕಡೆಯಿಂದ ನೋಡಿದ ಹಾಗೆ, ಗೆರೆ ಕಾಣಲ್ಲ. 3ಡಿ ಸ್ಕ್ಯಾನಿನಲ್ಲೂ ಕೂದಲಿನಷ್ಟು ಸಣ್ಣ ಬಿರುಕು ತಪ್ಪಿಸಿಕೊಳ್ಳುತ್ತೆ. ಹಲ್ಲಿನ ಪಕ್ಕದಿಂದ ಸಣ್ಣ ತೀಕ್ಷ್ಣ ಬೆಳಕು ಬಿಟ್ಟರೆ ಬಿರುಕಿನ ತನಕ ಹಲ್ಲು ಹೊಳೆದು ಆಚೆ ಬದಿ ಕತ್ತಲಾಗುತ್ತೆ. ಬರೀ ಮೇಲ್ಮೈ ಗೆರೆಗಳಲ್ಲಿ ಬೆಳಕು ಹೀಗೆ ತಡೆಯಲ್ಲ, ವಯಸ್ಕರ ಹಲ್ಲುಗಳಲ್ಲಿ ಅಂಥ ನಿರುಪದ್ರವಿ ಗೆರೆ ಬೇಕಾದಷ್ಟು ಇರುತ್ತವೆ. ಹಳೇ ಫಿಲ್ಲಿಂಗ್ ತೆಗೆದು ತಳಕ್ಕೆ ನೀಲಿ ಬಣ್ಣ ಹಚ್ಚೋದು ಇನ್ನೊಂದು ವಿಧಾನ. ಒಸಡಿನ ಸುತ್ತ ಅಳತೆಗೋಲು ಹಾಕಿದಾಗ ಎಲ್ಲ ಕಡೆ 2–3 ಮಿಲಿಮೀಟರ್ ಇದ್ದು, ಒಂದೇ ಒಂದು ಚುಕ್ಕೆಯಲ್ಲಿ ದಿಢೀರನೆ ಆಳಕ್ಕೆ ಇಳಿದರೆ ಬಿರುಕು ಬೇರಿಗೆ ಇಳಿದಿದೆ ಅಂತ ಅನುಮಾನ. ಅಂಥ ಹಲ್ಲನ್ನು ಉಳಿಸೋದು ಕಷ್ಟ.

ಅಷ್ಟು ದೂರ ಹೋಗಿಲ್ಲದಿದ್ದರೆ ಮೊದಲು ಹಲ್ಲಿನ ಸುತ್ತ ಲೋಹದ ಪಟ್ಟಿ ಅಥವಾ ತಾತ್ಕಾಲಿಕ ಕ್ಯಾಪ್ ಹಾಕಿ ಎರಡು ಮೂರು ವಾರ ನೋಡಬೇಕು. ನೋವು ನಿಂತರೆ ಉಬ್ಬುಗಳನ್ನೆಲ್ಲ ಮುಚ್ಚುವ ಕಾಯಂ ಕ್ಯಾಪ್. ನಿಲ್ಲದೆ ತಾನಾಗೇ ನೋವು ಬರತೊಡಗಿದರೆ ರೂಟ್ ಕೆನಾಲ್ (ಪಲ್ಪ್ ತೆಗೆದು ಬೇರಿನ ಕಾಲುವೆ ತುಂಬೋದು), ಆಮೇಲೆ ಕ್ಯಾಪ್. ನೇರವಾಗಿ ರೂಟ್ ಕೆನಾಲ್ ಮಾಡಿ ಕ್ಯಾಪ್ ಇಲ್ಲದೆ ಬಿಡೋದು ಅತ್ಯಂತ ಕೆಟ್ಟ ಆಯ್ಕೆ. ಒಳಗೆ ಟೊಳ್ಳು ಮಾಡಿದ ದವಡೆಹಲ್ಲು ಸೀಳಿಹೋಗುತ್ತೆ.

ಸಂದುಗೊಂದು:
ಚಿಕ್ಕದು, ಆದರೆ ಎಷ್ಟೋ ಸಲ ತಪ್ಪಿಹೋಗುವ ಕಾರಣ: ಎರಡು ಹಲ್ಲಿನ ನಡುವೆ ತುತ್ತು ಸಿಕ್ಕಿಕೊಳ್ಳೋದು. ಚುಚ್ಚುನೋವಲ್ಲ, ಹಲ್ಲನ್ನು ಪಕ್ಕಕ್ಕೆ ತಳ್ಳಿದಂತೆ ಒತ್ತು, ತಿಂದಾದ ಮೇಲೂ ಗಂಟೆಗಟ್ಟಲೆ ಇರುತ್ತೆ, ಸಿಕ್ಕಿದ್ದು ಹೊರಬಂದರೆ ಹೋಗುತ್ತೆ. ಫ್ಲಾಸ್ ದಾರ ತಡೆಯೇ ಇಲ್ಲದೆ ಒಳಗೆ ಜಾರಿದರೆ ಸಂದು ಸಡಿಲ. ದಾರ ಪ್ರತಿಸಲ ಒಂದೇ ಕಡೆ ಎಳೆ ಎಳೆಯಾಗಿ ಹರಿದರೆ ಹುಳುಕಿನ ಅಂಚೋ, ಫಿಲ್ಲಿಂಗಿನ ಚೂಪೋ ಇದೆ. ಟೂತ್‌ಪಿಕ್ ಹಾಕಿ ಕೆದಕುತ್ತಾ ಕೂತರೆ ಒಸಡಿನ ತುದಿ ಕುಗ್ಗಿ ಸಂದಿಗೆ ಇನ್ನಷ್ಟು ಜಾಗ ಆಗುತ್ತೆ.

ಬಾಯಿ ಪೂರ್ತಿ ತೆರೆಯಲಾಗದೆ ಕೊನೆಯ ಹಲ್ಲಿನ ಹಿಂದೆ ನೋವು, ಕೆಟ್ಟ ರುಚಿ ಇದ್ದರೆ ಅರ್ಧ ಹುಟ್ಟಿದ ಬುದ್ಧಿಹಲ್ಲಿನ ಮೇಲಿನ ಒಸಡಿನ ಮುಚ್ಚಳ ನೋಡಿ. ಕೆಳಗಿನ ಮುಚ್ಚಳ ಊದುತ್ತೆ, ಮೇಲಿನ ಹಲ್ಲು ಅದನ್ನೇ ಪ್ರತಿ ತುತ್ತಿಗೂ ಕುಟ್ಟುತ್ತೆ, ಇನ್ನೂ ಊದುತ್ತೆ. ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮುಕ್ಕಳಿಸೋದು ಸರಿ, ಆದರೆ ನಿಜವಾದ ಕೆಲಸ ಮುಚ್ಚಳದ ಅಡಿ ಮೊಂಡು ಸೂಜಿಯ ಸಿರಿಂಜಿನಿಂದ ತೊಳೆಯೋದು. ಅದನ್ನು ಕ್ಲಿನಿಕ್ಕಿನಲ್ಲೇ ಮಾಡಿಸಬೇಕು.

ದವಡೆಕೀಲು:
ಈಗ ಹಲ್ಲಿನಿಂದ ಹೊರಗೆ ಬರೋಣ. ಜಗಿಯುವ ಸ್ನಾಯು ಮತ್ತು ಕಿವಿ ಮುಂದಿನ ಕೀಲು.

ಕೆನ್ನೆಯ ಹಿಂಭಾಗದಲ್ಲಿ, ಹಲ್ಲು ಬಿಗಿಹಿಡಿದರೆ ಗಟ್ಟಿ ಗಂಟಾಗಿ ಸಿಗುವ ಸ್ನಾಯು ಮ್ಯಾಸೆಟರ್. ಇದರ ನೋವು ದವಡೆಹಲ್ಲಿಗೆ ಹರಿಯುತ್ತೆ, ಕಣತಲೆಯ ಸ್ನಾಯುವಿನ ನೋವು ಮೇಲಿನ ಹಲ್ಲುಗಳಿಗೆ. ಆರೋಗ್ಯವಾಗಿರುವ ಹಲ್ಲಿಗೆ ರೂಟ್ ಕೆನಾಲ್ ಆಗಿಬಿಡೋದು ಹೀಗೆ. ಪರೀಕ್ಷೆ: ತೋರುಬೆರಳಿನಿಂದ ಸ್ನಾಯುವಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಸುಮಾರು 1 ಕಿಲೋ ಒತ್ತಡ, ಪ್ರತಿ ಚುಕ್ಕೆಯಲ್ಲಿ 5 ಸೆಕೆಂಡು. 1 ಕಿಲೋ ಅಂದ್ರೆ ಎಷ್ಟು ಅಂತ ಅಡುಗೆ ತಕ್ಕಡಿ ಮೇಲೆ ಬೆರಳೊತ್ತಿ ಅಭ್ಯಾಸ ಮಾಡಿಕೊಳ್ಳಬಹುದು. ಬರೀ ನೋವು ಬಂದರೆ ಲೆಕ್ಕಕ್ಕಿಲ್ಲ. ಊಟದಲ್ಲಿ ಬರುವ ಅದೇ ನೋವು, ಅದೇ ಹಲ್ಲಿನಲ್ಲಿ ಎದ್ದರೆ ಮಾತ್ರ ಅರ್ಥ ಇದೆ.

ಕೀಲೋ ಹಲ್ಲೋ ಗೊತ್ತಾಗದಿದ್ದರೆ ಇನ್ನೊಂದು ಉಪಾಯ. ಎಡಗಡೆ ದವಡೆಹಲ್ಲುಗಳ ನಡುವೆ ಹತ್ತಿಯ ಉರುಳೆ ಇಟ್ಟು ಮೆಲ್ಲಗೆ ಕಚ್ಚಿ. ಆಗ ಭಾರ ಬೀಳೋದು ಬಲಗಡೆ ಕೀಲಿನ ಮೇಲೆ. ಬಲ ಕಿವಿಯ ಮುಂದೆ ನೋವು ಬಂದರೆ ಅನುಮಾನ ಆ ಕೀಲಿನ ಮೇಲೆ. ಕಚ್ಚಿದ ಕಡೆಯೇ ನೋವಾದರೆ ಹಲ್ಲು ಅಥವಾ ಸ್ನಾಯು.

ಬಾಯಿ ತೆರೆದಾಗ ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ 40ರಿಂದ 50 ಮಿಲಿಮೀಟರ್ ಸಹಜ, ಅಂದಾಜಿಗೆ ಅವರವರದೇ ಮೂರು ಬೆರಳು. ನೋವಿಲ್ಲದ ಟಕ್ ಸದ್ದಿಗೆ ಚಿಕಿತ್ಸೆ ಬೇಕಿಲ್ಲ. ಆದರೆ ಬಹುದಿನದ ಸದ್ದು ಒಂದು ಬೆಳಿಗ್ಗೆ ನಿಂತುಹೋಗಿ, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಿದ್ದರೆ ಕೀಲಿನ ಮೆತ್ತೆ ಮುಂದೆ ಸಿಕ್ಕಿಕೊಂಡಿದೆ. ತಡ ಮಾಡಬೇಡಿ, ಬಲವಂತವಾಗಿ ತೆರೆಯಲೂ ಬೇಡಿ.

ಕಚ್ಚುಪಟ್ಟಿ:
ಸ್ನಾಯು ನೋವಿಗೆ ಎರಡು ವಾರದ ಕ್ರಮ: ಮೃದು ಆಹಾರ, ಸಣ್ಣ ತುತ್ತು, ಎರಡೂ ಬದಿ ಜಗಿಯೋದು, ಚೂಯಿಂಗ್ ಗಮ್ ಮತ್ತು ಉಗುರು ಕಚ್ಚೋದು ಬಂದ್. ಒದ್ದೆ ಬೆಚ್ಚನೆ ಬಟ್ಟೆ 15–20 ನಿಮಿಷ, ದಿನಕ್ಕೆ ಎರಡು ಮೂರು ಸಲ. ಆಕಳಿಸುವಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿಹಿಡಿದರೆ ಬಾಯಿ ಅತಿಯಾಗಿ ತೆರೆಯಲ್ಲ. ಉಳಿದ ಹೊತ್ತು ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ಸುಮ್ಮನಿರುವಾಗ ಹಲ್ಲಿಗೆ ಹಲ್ಲು ತಾಗಿಕೊಂಡಿರೋದು ಸಹಜ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಫೋನಿನಲ್ಲಿ ಗಂಟೆಗೊಂದು ಗಂಟೆ ಬಾರಿಸೋ ಹಾಗೆ ಇಟ್ಟು, ಬಾರಿಸಿದಾಗ ಹಲ್ಲು ಎಲ್ಲಿದೆ ಅಂತ ನೋಡಿಕೊಳ್ಳೋದು ಒಳ್ಳೇ ಉಪಾಯ.

ರಾತ್ರಿ ಹಲ್ಲು ಕಡಿಯುವವರಿಗೆ ಗಟ್ಟಿ ಅಕ್ರಿಲಿಕ್ಕಿನ, ಎಲ್ಲ ಹಲ್ಲನ್ನೂ ಮುಚ್ಚುವ ನೈಟ್ ಗಾರ್ಡ್.

ಗರಗಸ:
ಕಚ್ಚುಪಟ್ಟಿಯವರೇ, ಗಾರ್ಡ್ ಹಾಕಿದರೆ ಕಡಿಯೋದು ನಿಲ್ಲುತ್ತೆ ಅನ್ನೋ ಅರ್ಥ ಬರದಿರಲಿ. ಕಡಿಯೋದು ನಿಲ್ಲಲ್ಲ, ಬಲ ಹಂಚಿಹೋಗುತ್ತೆ, ಹಲ್ಲಿನ ಬದಲು ಪ್ಲಾಸ್ಟಿಕ್ ಸವೆಯುತ್ತೆ ಅಷ್ಟೇ. ಬಿಸಿನೀರಲ್ಲಿ ಅದ್ದಿ ಕಚ್ಚುವ ಮೆತ್ತನೆಯವು ಕೆಲವರಿಗೆ ಜಗಿಯುವ ಆಟಿಕೆ ಆಗಿಬಿಡುತ್ತವೆ. ಮುಂಬಲ್ಲು ಮಾತ್ರ ಮುಚ್ಚುವ ಗಾರ್ಡನ್ನು ತಿಂಗಳುಗಟ್ಟಲೆ ಹಾಕಿದರೆ ಹಿಂದಿನ ಹಲ್ಲುಗಳು ಬೆಳೆದು ಕಚ್ಚು ಬದಲಾಗುವ ಅಪಾಯ ಇದೆ. ಇನ್ನು, ಕೀಲು ನೋವಿಗೆ ಅಂತ ಎಲ್ಲ ಹಲ್ಲನ್ನೂ ಉಜ್ಜಿ "ಕಚ್ಚು ಸರಿಮಾಡ್ತೀವಿ" ಅಂದ್ರೆ ಒಪ್ಪಬೇಡಿ. ಉಜ್ಜಿದ ಎನಾಮೆಲ್ ವಾಪಸು ಬರಲ್ಲ.

ಕಚ್ಚುಪಟ್ಟಿ:
ಒಪ್ಪಿದೆ. ನಿಲ್ಲಿಸುತ್ತೆ ಅಂತ ನಾನು ಬರೆದಿರಲಿಲ್ಲ, ಆದರೆ ಓದುವವರಿಗೆ ಹಾಗೆ ಕಾಣಬಹುದಿತ್ತು.

ನರತಂತು:
ಹಲ್ಲೂ ಅಲ್ಲದ, ಕೀಲೂ ಅಲ್ಲದ ಕಾರಣಗಳು ಉಳಿದಿವೆ. ಅಪರೂಪ, ಆದರೆ ತಪ್ಪಿದರೆ ದುಬಾರಿ.

ಸೈನಸ್: ಮೇಲಿನ ಹಿಂಬದಿ ಹಲ್ಲುಗಳ ಬೇರಿಗೂ ಕೆನ್ನೆಯ ಸೈನಸ್ಸಿಗೂ ನಡುವೆ ತೆಳ್ಳನೆ ಮೂಳೆ ಅಷ್ಟೇ. ನೆಗಡಿಯ ಜೊತೆ ಒಂದು ಬದಿಯ ಮೂರ್ನಾಲ್ಕು ಹಲ್ಲು ಒಟ್ಟಿಗೆ ನೋಯುತ್ತಿದ್ದು, ಬಗ್ಗಿದಾಗ, ಮೆಟ್ಟಿಲು ಇಳಿಯುವಾಗ ಧಿಮ್ ಅಂದ್ರೆ ಸೈನಸ್. ಒಂದೇ ಮೂಗಿನ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ ಉಲ್ಟಾ ಯೋಚಿಸಿ, ಹಲ್ಲಿನ ಸೋಂಕೇ ಸೈನಸ್ಸಿಗೆ ಹತ್ತಿರಬಹುದು.

ಜೊಲ್ಲುಗ್ರಂಥಿಯ ಕಲ್ಲು: ಊಟದ ಹೊತ್ತಿಗೆ, ಅದರಲ್ಲೂ ಹುಳಿ ನೆನೆದರೇ ದವಡೆ ಕೆಳಗೆ ಉಬ್ಬಿ ಬಿಗಿಯುತ್ತೆ, ಒಂದೆರಡು ಗಂಟೆಯಲ್ಲಿ ಇಳಿಯುತ್ತೆ. ಇಂಥ ಕಲ್ಲುಗಳಲ್ಲಿ ಸುಮಾರು ಶೇಕಡಾ 80 ಕೆಳದವಡೆಯ ಗ್ರಂಥಿಯಲ್ಲೇ ಆಗೋದು. ಜಗಿಯೋದಕ್ಕೆ ಮುಂಚೆಯೇ ನೋವು ಶುರುವಾಗೋದೇ ಗುರುತು. ಅಲ್ಟ್ರಾಸೌಂಡಿನಲ್ಲಿ ಹೆಚ್ಚಿನವು ಕಾಣುತ್ತವೆ. ನೀರು ಚೆನ್ನಾಗಿ ಕುಡಿದು, ಗ್ರಂಥಿಯನ್ನು ಹಿಂದಿನಿಂದ ಮುಂದಕ್ಕೆ ನೀವಿದರೆ ಚಿಕ್ಕದು ಕೆಲವೊಮ್ಮೆ ತಾನೇ ಹೊರಬರುತ್ತೆ. ಜ್ವರ, ಕೀವು ಇದ್ದರೆ ನೀವಬೇಡಿ, ವೈದ್ಯರ ಹತ್ತಿರ ಹೋಗಿ.

ಟ್ರೈಜೆಮಿನಲ್ ನ್ಯೂರಾಲ್ಜಿಯಾ (ಮುಖದ ನರದ ನೋವು): ಕರೆಂಟ್ ಹೊಡೆದಂತೆ, ಸೆಕೆಂಡುಗಳಿಂದ ಹೆಚ್ಚೆಂದರೆ 2 ನಿಮಿಷ, ಮುಖದ ಒಂದೇ ಬದಿ. ಜಗಿದರೆ ಮಾತ್ರವಲ್ಲ, ಮುಖ ತೊಳೆದರೆ, ಬ್ರಷ್ ತಾಗಿದರೆ, ಗಾಳಿ ಸೋಕಿದರೂ ಹೊಡೆಯುತ್ತೆ. ಗಟ್ಟಿಯಾಗಿ ಒತ್ತಿದ್ದಕ್ಕಿಂತ ಹಗುರ ಸ್ಪರ್ಶಕ್ಕೇ ಜಾಸ್ತಿ, ಹಲ್ಲುನೋವಿನಲ್ಲಿ ಹೀಗಿರಲ್ಲ. ಇದಕ್ಕೆ ಹಲ್ಲು ಕೀಳಿಸಿದರೆ ನೋವು ಪಕ್ಕದ ಹಲ್ಲಿಗೆ "ಹೋಗುತ್ತೆ", ಅದನ್ನೂ ಕೀಳಿಸುತ್ತಾರೆ. ಮಾಮೂಲಿ ನೋವಿನ ಮಾತ್ರೆ ಕೆಲಸ ಮಾಡಲ್ಲ. ಕಾರ್ಬಮಝೆಪಿನ್ ಅನ್ನೋ ಔಷಧಿ ಮೊದಲ ಆಯ್ಕೆ, ನರರೋಗ ತಜ್ಞರ ನಿಗಾದಲ್ಲಿ, ಜೊತೆಗೆ ಎಂಆರ್‌ಐ.

ಇನ್ನೊಂದನ್ನು ದಪ್ಪಕ್ಷರದಲ್ಲಿ ಬರೆಯಬೇಕಿತ್ತು. 50 ದಾಟಿದವರಿಗೆ ಜಗಿಯೋಕೆ ಶುರುಮಾಡಿ ಕೆಲವು ನಿಮಿಷಕ್ಕೆ ದವಡೆ ಸೋತು ನೋಯುತ್ತೆ, ನಿಲ್ಲಿಸಿದರೆ ಹೋಗುತ್ತೆ, ಮತ್ತೆ ಜಗಿದರೆ ಮತ್ತೆ ಬರುತ್ತೆ. ಜೊತೆಗೆ ಕಣತಲೆಯಲ್ಲಿ ಹೊಸ ತಲೆನೋವು, ಬಾಚಣಿಗೆ ತಾಗಿದರೆ ನೆತ್ತಿ ನೋವು, ಕಣ್ಣು ಮಂಜು ಅಥವಾ ಎರಡೆರಡಾಗಿ ಕಾಣೋದು. ಇದು ಜೈಂಟ್ ಸೆಲ್ ಆರ್ಟರೈಟಿಸ್ ಇರಬಹುದು. ರಕ್ತನಾಳ ಊದಿ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ, ಮುಂದೆ ಕಣ್ಣಿನ ಸರದಿ. ಅದೇ ದಿನ ಆಸ್ಪತ್ರೆ. ಊತ ಇದೆಯಾ ಅಂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ, ಬಲವಾದ ಅನುಮಾನ ಇದ್ದರೆ ಬಯಾಪ್ಸಿಗೆ (ರಕ್ತನಾಳದ ಚೂರು ತೆಗೆದು ನೋಡೋದು) ಕಾಯದೆ ಸ್ಟಿರಾಯ್ಡ್ ಶುರು ಮಾಡುತ್ತಾರೆ. ಹೋದ ದೃಷ್ಟಿ ಸಾಮಾನ್ಯವಾಗಿ ವಾಪಸು ಬರಲ್ಲ.

ಜಗಿಯೋದಕ್ಕೆ ಸಂಬಂಧವಿಲ್ಲದೆ ನಡೆದಾಗ, ಏರು ಹತ್ತಿದಾಗ ದವಡೆ ಹಿಡಿದು, ನಿಂತಾಗ ನೋವು ಬಿಟ್ಟರೆ ಹೃದಯ ತೋರಿಸಿ. ಜೊತೆಗೆ ಎದೆ ಒತ್ತು, ಬೆವರು, ಉಸಿರು ಕಟ್ಟೋದು ಇದ್ದರೆ ಆಂಬುಲೆನ್ಸ್ ಕರೆಸಿ.

ಹುಳುಕುಬೇಟೆ:
ನೋವಿನ ಮಾತ್ರೆ ಬಗ್ಗೆ. ಹಲ್ಲಿನ ನೋವಿಗೆ ವಯಸ್ಕರಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ 500–1000 ಮಿಲಿಗ್ರಾಂ ಒಟ್ಟಿಗೆ ತಗೊಂಡರೆ ಬಿಡಿಬಿಡಿಯಾಗಿ ತಗೊಂಡಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ. ವೈದ್ಯರ ಸಲಹೆ ಇಲ್ಲದೆ ದಿನಕ್ಕೆ ಐಬುಪ್ರೊಫೆನ್ 1200 ಮಿಲಿಗ್ರಾಂ ದಾಟಬಾರದು. ಪ್ಯಾರಾಸಿಟಮಾಲ್ 4 ಗ್ರಾಂ ದಾಟಬಾರದು, ನೆಗಡಿ ಮಾತ್ರೆಯಲ್ಲಿರುವ ಪ್ಯಾರಾಸಿಟಮಾಲೂ ಸೇರಿಸಿ ಲೆಕ್ಕ ಹಾಕಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಿಣಿ ಇವರಿಗೆ ಐಬುಪ್ರೊಫೆನ್ ಬೇಡ. ಯಕೃತ್ತಿನ ಕಾಯಿಲೆ ಇದ್ದರೆ ಪ್ಯಾರಾಸಿಟಮಾಲನ್ನೂ ಕೇಳಿಯೇ ತಗೊಳ್ಳಿ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿ ಇಟ್ಟುಕೊಂಡರೆ ಒಸಡು ಸುಟ್ಟು ಬೆಳ್ಳಗಾಗುತ್ತೆ, ಹಲ್ಲುನೋವಿಗೆ ಏನೂ ಉಪಯೋಗ ಆಗಲ್ಲ.

ಆಂಟಿಬಯಾಟಿಕ್ ನೋವಿನ ಮಾತ್ರೆಯಲ್ಲ. ಊದಿದ ಪಲ್ಪಿಗೆ ಅದರಿಂದ ಪ್ರಯೋಜನ ಇಲ್ಲ. ಜ್ವರ, ಹರಡುತ್ತಿರುವ ಊತ ಇದ್ದರೆ ಬೇಕು, ಆಗಲೂ ಕೀವಿಗೆ ದಾರಿ ಮಾಡೋದೇ ಮುಖ್ಯ. ಗದ್ದದ ಕೆಳಗೆ ಎರಡೂ ಬದಿ ಗಟ್ಟಿ ಊತ, ನಾಲಿಗೆ ಮೇಲೆದ್ದು ಮಾತು ದಪ್ಪವಾಗೋದು, ಜೊಲ್ಲು ನುಂಗಲಾಗದೆ ಸುರಿಯೋದು ಇದ್ದರೆ ಉಸಿರುದಾರಿ ಮುಚ್ಚುವ ಅಪಾಯ, ಬೆಳಗಾಗಲಿ ಅಂತ ಕಾಯಬಾರದು.

ಬಿರುಕುಗಣ್ಣು:
ಯಾವ ಹಲ್ಲು ಅಂತ ಖಚಿತವಾಗದೆ ರೂಟ್ ಕೆನಾಲ್ ಶುರುಮಾಡುವ ಮೊದಲು ಕೇಳಬಹುದಾದ ಎರಡು ಪರೀಕ್ಷೆ. ಒಂದು, ತಣ್ಣನೆ ಸ್ಪ್ರೇ. ಸುಮಾರು ಮೈನಸ್ 26 ಡಿಗ್ರಿ ಸೆಲ್ಸಿಯಸ್ಸಿನ ಸ್ಪ್ರೇಯನ್ನು ಹತ್ತಿಯುಂಡೆಗೆ ಹೊಡೆದು ಹಲ್ಲಿಗೆ ತಾಗಿಸೋದು. ಮೊದಲು ಎದುರು ಬದಿಯ ಒಳ್ಳೇ ಹಲ್ಲು, ಆಮೇಲೆ ಅಕ್ಕಪಕ್ಕದವು, ಅನುಮಾನದ ಹಲ್ಲು ಕೊನೆಗೆ. ಅವರವರ ಸಹಜ ಅನುಭವ ಏನು ಅಂತ ಗೊತ್ತಿಲ್ಲದೆ ಕೆಟ್ಟದ್ದನ್ನು ಅಳೆಯೋಕೆ ಆಗಲ್ಲ.

ಎರಡು, ನೋವು ಇರುವಾಗಲೇ ಮರಗಟ್ಟಿಸೋದು. ಮೇಲೋ ಕೆಳಗೋ ಗೊತ್ತಿಲ್ಲ ಅಂದ್ರೆ ಮೇಲಿನ ಅನುಮಾನದ ಹಲ್ಲಿನ ಸುತ್ತ ಮೊದಲು ಸ್ವಲ್ಪ ಇಂಜೆಕ್ಷನ್ ಕೊಟ್ಟು ಕೆಲವು ನಿಮಿಷ ಬಿಡುತ್ತಾರೆ. ನೋವು ಪೂರ್ತಿ ಹೋದರೆ ಮೂಲ ಆ ಭಾಗದಲ್ಲೇ. ಇಲ್ಲದಿದ್ದರೆ ಕೆಳಗಿನ ದವಡೆಗೆ ಕೊಟ್ಟು ನೋಡಬೇಕು. ತುಟಿ, ಒಸಡು, ಹಲ್ಲು ಎಲ್ಲ ಮರಗಟ್ಟಿದ ಮೇಲೂ ನೋವು ಹಾಗೇ ಇದ್ದರೆ ಡ್ರಿಲ್ ಕೆಳಗಿಟ್ಟು ಸ್ನಾಯು, ಕೀಲು, ನರದ ಕಡೆಗೆ ಹುಡುಕಾಟ ತಿರುಗಿಸಬೇಕು.